ಸಾಹೇಬರಿಗಾಗಿ ಊದಿದ ದ್ರಾಕ್ಷಿ

ವೈನಿಗೆ ದ್ರಾಕ್ಷಿ ಕೊಳ್ಳುವುದು ನನ್ನ ಕೆಲಸ. ಆ ವರ್ಷ ನರಸೀಪುರದ ಕಡೆ ಮಳೆಯಿಲ್ಲದೆ ಬಿಸಿಲು ಕಾದು, ಶಿವಮಲ್ಲಪ್ಪನವರ ತೋಟದ ಹಣ್ಣು ಸಣ್ಣಗೆ, ಕಡುಗಪ್ಪಾಗಿ, ಜೇನಿನಂತಾಗಿತ್ತು. ಕೆಂಪು ವೈನಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. "ಮುಂದಿನ ವಾರ ನಮ್ಮ ಕಂಪನಿ ಸಾಹೇಬರನ್ನ ಕರ್ಕೊಂಡು ಬರ್ತೀನಿ, ಅಲ್ಲೀವರೆಗೆ ನೀರು ಬಿಡಬೇಡಿ" ಎಂದು ಹೇಳಿ ಬಂದೆ.

ಸಾಹೇಬರ ಜೊತೆ ಹೋದರೆ ಹಣ್ಣೆಲ್ಲ ಊದಿಕೊಂಡು ಕೂತಿದೆ! ಬಾಯಿಗೆ ಹಾಕಿದರೆ ಬರೀ ನೀರು.

"ನೀರು ಬಿಟ್ರಾ?" ಎಂದು ಶಿವಮಲ್ಲಪ್ಪನವರನ್ನು ಕೇಳಿದೆ.

"ಊಂ ಸಾ. ದೊಡ್ಡೋರು ಬತ್ತಾವ್ರೆ, ಸೊರಗಿದ್ ಅಣ್ಣು ತೋರ್ಸಿ ಮಾನ ಕಳ್ಕೊಳ್ಳಾದಾ?"

ಸಾಹೇಬರು ನನ್ನನ್ನೇ ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಶಿವಮಲ್ಲಪ್ಪನವರ ಹೆಂಡತಿ ಗಟ್ಟಿ ಮಜ್ಜಿಗೆ ತಂದಿಟ್ಟರು. "ಕುಡೀರಿ ಸಾ, ಒಂದು ತೊಟ್ಟೂ ನೀರು ಬೆರ್ಸಿಲ್ಲ. ಬಂದೋರ್ಗೆ ನೀರ್ ಮಜ್ಜಿಗೆ ಕೊಟ್ರೆ ಮರ್ಯಾದೆಯಾ?"

ತೋಟಕ್ಕೆ ನೀರು ಬಿಡಬೇಡಿ ಅನ್ನೋ ಮಾತನ್ನು ನಾನು ಈಯಮ್ಮನಿಗೆ ಹೇಳಿ ಹೋಗಬೇಕಿತ್ತು.