ಸಡಿಲ ಬಿಡದ ಹಗ್ಗ

ಅಬುಧಾಬಿ ಹೊರವಲಯದ ಮುಸಫ್ಫಾದ ನಮ್ಮ ಯಾರ್ಡಿನಲ್ಲಿ ಕ್ರೇನಿಗೆ ಹಗ್ಗ ಬಿಗಿಯುವವರ ಮೇಲ್ವಿಚಾರಣೆ ನನ್ನ ಕೆಲಸ. ಭಾರ ಎತ್ತುವಾಗ ಹಗ್ಗ ಸಡಿಲವಾಗಿದ್ದು ಸರಕ್ಕನೆ ಬಿಗಿದರೆ ಉಕ್ಕಿನ ಕೊಂಡಿಯೇ ಕಿತ್ತು ಬರಬಹುದು. ಹಾಗಾಗಿ ದಿನವಿಡೀ ನನ್ನ ಬಾಯಲ್ಲಿ ಒಂದೇ ಮಾತು: "ಟೈಟ್ ರಖೋ, ಯಲ್ಲಾ!" ಬಿಗಿಯಾಗಿಡಿ, ಬೇಗ ಬೇಗ ಎಂದು. ಈ ಬಾಯಿಯನ್ನೂ ಈ ಕೈಗಳನ್ನೂ ಹೊತ್ತುಕೊಂಡೇ ಕಳೆದ ಈದ್ ರಜೆಯಲ್ಲಿ ಮಗಳ ಜೊತೆ ಮಾಲ್ಟಾ ದ್ವೀಪಕ್ಕೆ ಹೋದೆ.

ಮಗಳಿಗೆ ಬಂಡೆ ಹತ್ತುವ ಹುಚ್ಚು. ಅಬುಧಾಬಿಯಲ್ಲೇ ಹುಟ್ಟಿ ಬೆಳೆದವಳಿಗೆ ಗೊತ್ತಿದ್ದದ್ದು ದುಬೈಯ ಜಿಮ್ಮಿನ ಬಣ್ಣಬಣ್ಣದ ಪ್ಲಾಸ್ಟಿಕ್ ಬಂಡೆ ಮಾತ್ರ. ಮಾಲ್ಟಾದ ಕಡಲಂಚಿನ ಒಂದು ಕಡಿದಾದ ಬಂಡೆಯ ವಿಡಿಯೊ ನೋಡಿ ನೋಡಿ, ವಾರವಾರ ನನ್ನನ್ನು ದುಬೈಗೆ ಓಡಿಸಿ ತಯಾರಾಗಿದ್ದಳು. ಅದನ್ನು ಸ್ವಂತ ಬಲದಿಂದ ಹತ್ತಬೇಕು, ಅಷ್ಟೇ ಅವಳ ಆಸೆ. ಹಗ್ಗ ಇರುವುದು ಬಿದ್ದರೆ ಹಿಡಿಯಲಿಕ್ಕೆ. ಅದು ಕೊಂಚ ಎತ್ತಿದರೂ ಹತ್ತಿದ್ದು ಲೆಕ್ಕಕ್ಕಿಲ್ಲ. ಎಲೆಕ್ಟ್ರಾ ಸ್ಟ್ರೀಟಿನ ಫ್ಲ್ಯಾಟಿನಿಂದ ಹೊರಡುವಾಗ, ರಜೆ ಸಿಗದೆ ಉಳಿದ ಹೆಂಡತಿ ನನಗೆ ಹೇಳಿದ್ದು ಬೇರೆಯೇ: "ಅವಳೆಲ್ಲಿಯಾದ್ರೂ ಬಿದ್ರೆ ನೀವು ಈ ಮನೆಗೆ ಬರುದೇ ಬೇಡ, ಆಯ್ತಾ?"

ಹಗ್ಗದ ಒಂದು ತುದಿ ಮಗಳ ಸೊಂಟಕ್ಕೆ. ಬಂಡೆಯ ನೆತ್ತಿಯ ಉಕ್ಕಿನ ಬಳೆಯೊಳಗೆ ನುಸುಳಿ ಇನ್ನೊಂದು ತುದಿ ಕೆಳಗೆ ನನ್ನ ಕೈಗೆ. ಪಕ್ಕದಲ್ಲೇ ಸಮುದ್ರ ಅಬ್ಬರಿಸುತ್ತಿತ್ತು. ನೆತ್ತಿಯ ಹತ್ತಿರ ಬಂಡೆ ಹೊಟ್ಟೆ ಉಬ್ಬಿಸಿಕೊಂಡಿದೆ. ಅಲ್ಲಿಗೆ ತಲುಪಿದಾಗ ಅವಳ ಕಾಲು ಗಡಗಡ ನಡುಗಿತು.

"ಸ್ಲ್ಯಾಕ್, ಅಪ್ಪಾ! ಹಗ್ಗ ಸಡಿಲ ಬಿಡಿ! ಟೂ ಟೈಟ್!"

ಸ್ಪಷ್ಟವಾಗಿಯೇ ಕೇಳಿಸಿತು. ಬಿಡುವ ಬದಲು ಮೈಭಾರವನ್ನೆಲ್ಲ ಹಾಕಿ ಎಳೆದೆ. ಬಾವಿಯಿಂದ ಸೇದಿದ ಕೊಡದ ಹಾಗೆ ಅವಳು ಉಬ್ಬು ದಾಟಿ ಮೇಲೆ ಹೋದಳು. ಯಾರ್ಡಿನ ಅಭ್ಯಾಸ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆದರಿದ್ದೆ.

ಜೊತೆಗಿದ್ದ ಗೈಡ್ ಹೆಂಗಸು ಮಗಳು ನೆತ್ತಿ ಮುಟ್ಟಿದ ಫೋಟೋವನ್ನು ನನ್ನ ಫೋನಿನಲ್ಲಿ ತೆಗೆದಿದ್ದಳು. ಮಗಳು ಕೆಳಗಿಳಿದು ಗಂಟು ಬಿಚ್ಚುವ ಮೊದಲೇ ನಾನದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿಯೂ ಆಗಿತ್ತು.

"ನಾನು ಹತ್ತಿಲ್ಲ ಅಪ್ಪ. ಯು ಲಿಫ್ಟೆಡ್ ಮಿ."

"ಎಂತ ಮಾರಾಯ್ತಿ, ಗಾಳಿಗೆ ಹಗ್ಗ ಬಿಗಿ ಆದದ್ದು," ಎಂದೆ.

ಅವಳು ಗಂಟು ಬಿಚ್ಚಿ ಹಗ್ಗ ಸುತ್ತತೊಡಗಿದಳು. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ಊಟದ ಹೊತ್ತಿಗೆ ಗ್ರೂಪಿನಲ್ಲಿ ನೆಂಟರ ಶಹಭಾಸ್‌ಗಳ ಸುರಿಮಳೆ. ಅವಳು ಫೋನನ್ನು ಕವುಚಿ ಹಾಕಿ ಊಟ ಮಾಡಿದಳು.

ಮರುದಿನ ನಮ್ಮ ಕೊನೆಯ ದಿನ. ಬೆಳಿಗ್ಗೆ ಅದೇ ಬಂಡೆಯ ಕೆಳಗೆ ಅವಳು ಹಗ್ಗವನ್ನು ಗೈಡಿನ ಕೈಗೆ ಕೊಟ್ಟಳು.

"ಅಪ್ಪ, ನೀವು ಫೋಟೋ ತೆಗೀರಿ," ಎಂದಳು, ತುಂಬಾ ಮರ್ಯಾದೆಯಿಂದ.

ಆ ಉಬ್ಬಿನಲ್ಲೇ ಕೈ ಜಾರಿ ಬಿದ್ದಳು. ಹಗ್ಗ ಹಿಡಿಯಿತು. ಮೇಲೆ ತೂಗಾಡುತ್ತ ಅವಳು ನಗುವುದು ಕೇಳಿಸಿತು. ಮತ್ತೆ ಹತ್ತಿದಳು, ಮತ್ತೆ ಬಿದ್ದಳು. ಉಬ್ಬು ದಾಟಲಾಗಲಿಲ್ಲ. ಹಿಂದಿನ ದಿನದ ಬಲ ಅವಳ ತೋಳುಗಳಲ್ಲಿ ಉಳಿದಿರಲಿಲ್ಲ. ನಾನು ಎಳೆಯದೆ ಇದ್ದಿದ್ದರೆ ನಿನ್ನೆಯೇ ದಾಟುತ್ತಿದ್ದಳೋ ಏನೋ. ಅದಿನ್ನು ಅವಳಿಗೂ ಗೊತ್ತಾಗುವಂತಿಲ್ಲ, ನನಗೂ ಇಲ್ಲ.

ಕೆಳಗಿಳಿದವಳು ನನ್ನ ಫೋನು ತೆಗೆದುಕೊಂಡು ನೋಡಿದಳು. ಒಂದೂ ಫೋಟೋ ಇರಲಿಲ್ಲ. ಅವಳು ಆ ಉಬ್ಬಿಗೆ ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಅಷ್ಟರಲ್ಲಿ ಅದೇ ಫೋನಿಗೆ ಹೆಂಡತಿಯ ಕರೆ ಬಂತು. ಮಗಳು ಸ್ಪೀಕರ್ ಹಾಕಿದಳು.

"ಅಮ್ಮಾ, ಐ ಫೆಲ್! ಎರಡೆರಡು ಸಲ!" ಮಗಳ ದನಿಯಲ್ಲಿ ಹೆಮ್ಮೆಯಿತ್ತು.

"ಅಯ್ಯೋ ದೇವರೇ! ಅಪ್ಪ ಎಂತ ಮಾಡ್ತಾ ಇದ್ರು?"

ಮಗಳು ನನ್ನ ಮುಖ ನೋಡಿದಳು.

"ನನ್ನನ್ನೇ ನೋಡ್ತಾ ಇದ್ರು ಅಮ್ಮ," ಎಂದಳು.