ಶೂ ಡಬ್ಬಿಯ ಬುತ್ತಿ

ವಾಷಿಂಗ್ಟನ್ ಹತ್ತಿರದ ರೆಸ್ಟನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಸಿವೆ ಚಟಪಟ ಅಂದರೆ ಸಾಕು, ಚಾವಣಿಯ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು. ಅತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದ ಮೇಲೆ ಇದು ದಿನದ ಗೋಳಾಯಿತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಟವೆಲ್ ಹಿಡಿದು ಅದಕ್ಕೆ ಗಾಳಿ ಬೀಸುತ್ತಾ, “ಇದು ಮನೆಯೋ ಪೆಟ್ಟಿಗೆಯೋ? ಉಸಿರಾಡಿದ್ರೂ ಕಿರುಚತ್ತೆ” ಎಂದು ಬೈಯುತ್ತಿದ್ದರು. ಹೊರಗೆ ಹಿಮ, ಕಿಟಕಿ ತೆಗೆಯುವಂತಿಲ್ಲ. ಒಳಗೆ ಹೀಟರಿನ ಒಣ ಗಾಳಿ, ಇಂಗಿನ ವಾಸನೆ ಮತ್ತು ಅತ್ತೆಯ ಮಡಿ.

ಮಡಿ ಎಂದರೆ ಸುಮ್ಮನೆ ಅಲ್ಲ. ಅವರು ಬಂದ ದಿನವೇ ಅಡುಗೆಮನೆ ಅವರದಾಯಿತು. ಸ್ನಾನ ಮಾಡದೆ ನಾನೂ ಒಳಗೆ ಕಾಲಿಡುವಂತಿರಲಿಲ್ಲ. ಹಾಲ್‌ನ ಕಾರ್ಪೆಟ್ ಮುಗಿದು ಅಡುಗೆಮನೆಯ ನೆಲ ಶುರುವಾಗುವ ಕಡೆ ಒಂದು ತೆಳುವಾದ ಲೋಹದ ಪಟ್ಟಿ ಇತ್ತು. ಅತ್ತೆಗೆ ಅದೇ ಹೊಸ್ತಿಲು. ಬೆಳಿಗ್ಗೆ ಆಫೀಸಿಗೆ ಹೊರಟವಳು ಆ ಪಟ್ಟಿಯ ಈಚೆ ನಿಂತು ಕಾಫಿ ಲೋಟ ಇಸಿದುಕೊಳ್ಳುತ್ತಿದ್ದೆ. ನನ್ನ ಮನೆಯಲ್ಲಿ ನಾನೇ ಬಾಡಿಗೆಗೆ ಇದ್ದಂತಿತ್ತು.

ಇದ್ದ ಒಂದೇ ಕಾರನ್ನು ನನ್ನ ಗಂಡ ಬೆಳಗಾಗುವ ಮುಂಚೆಯೇ ತೆಗೆದುಕೊಂಡು ಮೇರಿಲ್ಯಾಂಡಿನ ಕೊಲಂಬಿಯಾಕ್ಕೆ ಹೋಗಿಬಿಡುತ್ತಿದ್ದರು. ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿ ಕೂತಿದ್ದೆ. ಆಫೀಸು ಟೋಲ್ ರೋಡಿನ ಆಚೆ. ನಡೆದು ಹೋಗೋಣವೆಂದರೆ ಫುಟ್‌ಪಾತ್ ಇಲ್ಲ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳು ಕೆಟ್ಟು ಕೂರುತ್ತವೆಂದು ಎಲ್ಲರೂ ಹೆದರಿದ್ದ ಕಾಲ ಅದು, ಪ್ರೋಗ್ರಾಮ್ ಬರೆಯುವ ನಮಗೆ ಕೆಲಸಕ್ಕೇನೂ ಬರವಿರಲಿಲ್ಲ. ಆದರೆ ವೀಸಾ ಕಂಪನಿಯ ಕೈಯಲ್ಲಿತ್ತು. ಆಫೀಸಿಗೆ ಹೋಗಲಾಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಈ ದೇಶವೂ ಇಲ್ಲ. ಇಷ್ಟೂ ಒಬ್ಬ ಹೆಂಗಸಿನ ಹಳೆಯ ಕಾರಿನ ಮೇಲೆ ನಿಂತಿತ್ತು.

ಆಕೆ ನನ್ನ ಪಕ್ಕದ ಕ್ಯೂಬಿಕಲ್‌ನವರು, ನನಗಿಂತ ಇಪ್ಪತ್ತು ವರ್ಷಕ್ಕೂ ದೊಡ್ಡವರಾದ ಕಪ್ಪು ಅಮೆರಿಕನ್ ಹೆಂಗಸು. ಹುಟ್ಟಿ ಬೆಳೆದದ್ದು ವಾಷಿಂಗ್ಟನ್ನಿನಲ್ಲಿ, ಬೇರು ಸೌತ್ ಕೆರೊಲಿನಾದಲ್ಲಿ. ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಸಿಕ್ಕಿದಾಗ ಗೋಡೆಯ ಮೇಲಿಂದ ಇಣುಕಿ ಹುಬ್ಬು ಹಾರಿಸುತ್ತಿದ್ದರು. ಒಂದು ದಿನ ನಾನು ಮಳೆಯಲ್ಲಿ ರಸ್ತೆ ಬದಿ ನಡೆಯುತ್ತಿದ್ದುದನ್ನು ಕಂಡು ಕಾರು ನಿಲ್ಲಿಸಿ ಬೈದು ಹತ್ತಿಸಿಕೊಂಡರು. ಅಂದಿನಿಂದ ಬೆಳಿಗ್ಗೆ ಸಂಜೆ ಅವರದೇ ಕಾರು. ಪೆಟ್ರೋಲಿಗೆ ದುಡ್ಡು ಕೊಡಲು ಹೋದರೆ ಕೈಗೆ ಹೊಡೆಯುತ್ತಿದ್ದರು. ಆ ದೇಶದಲ್ಲಿ ನನ್ನ ಜೊತೆ ನಕ್ಕವರು ಅವರೊಬ್ಬರೇ. ಅವರನ್ನು ನಾನು ಬಹಳ ಪ್ರೀತಿಸುತ್ತಿದ್ದೆ.

ಆದರೆ ಒಮ್ಮೆಯೂ ಮನೆಯೊಳಗೆ ಕರೆದಿರಲಿಲ್ಲ. ಸಂಜೆ ಪಾರ್ಕಿಂಗ್‌ನಲ್ಲಿ ಇಳಿಯುವಾಗ ದಿನಕ್ಕೊಂದು ಸಬೂಬು ಹೇಳುತ್ತಿದ್ದೆ. ಮನೆ ಹರಡಿಕೊಂಡಿದೆ, ಅತ್ತೆಗೆ ತಲೆನೋವು, ಇನ್ನೊಂದು ದಿನ ಆರಾಮವಾಗಿ ಬನ್ನಿ. ಅವರು “ಆಯ್ತು, ಆಯ್ತು” ಎಂದು ಕೈ ಬೀಸುತ್ತಿದ್ದರು. ಮೇಲೆ ಕಿಟಕಿಯಲ್ಲಿ ಅತ್ತೆ ನಿಂತಿರುತ್ತಿದ್ದರು. “ಕಾರಿನಮ್ಮ ಹೋದ್ರಾ?” ಎಂದು ಕೇಳುತ್ತಿದ್ದರು. ಅಷ್ಟೇ.

ಫೆಬ್ರವರಿ ಬಂತು. ಅಮೆರಿಕದಲ್ಲಿ ಅದು ಕಪ್ಪು ಜನರ ಇತಿಹಾಸವನ್ನು ನೆನೆಯುವ ತಿಂಗಳು. ನಮ್ಮ ಮ್ಯಾನೇಜರಿಗೆ ಆ ವರ್ಷ ಎಲ್ಲಿಲ್ಲದ ಉತ್ಸಾಹ. ಶುಕ್ರವಾರ ಮಧ್ಯಾಹ್ನ ಕೆಫೆಟೇರಿಯಾದಲ್ಲಿ ಕಾರ್ಯಕ್ರಮ, ಎಲ್ಲರೂ ಒಂದೊಂದು ಅಡುಗೆ ತರಬೇಕು, ಮನೆಯವರನ್ನೂ ಕರೆತರಬೇಕು. ನನ್ನ ಗೆಳತಿ ತಮ್ಮ ಬಾಲ್ಯದ ಬಗ್ಗೆ ಮಾತಾಡುವವರಿದ್ದರು. ಮ್ಯಾನೇಜರು ನನ್ನ ಕ್ಯೂಬಿಕಲ್‌ಗೆ ಬಂದು, “ನಿನ್ನ ಅತ್ತೆಯನ್ನ ಕರ್ಕೊಂಡು ಬಾ, ಸೀರೆ ಉಟ್ಕೊಂಡು ಬರ್ಲಿ. ಎಲ್ಲರೂ ಒಟ್ಟಿಗೆ ಇರೋದು ಫೋಟೋದಲ್ಲಿ ಕಾಣಬೇಕು” ಎಂದರು. ನನ್ನ ವೀಸಾ ಮುಂದುವರಿಸುವ ಕಾಗದಗಳು ಅವರ ಸಹಿಗಾಗಿ ಕಾಯುತ್ತಿದ್ದವು. ಒಲ್ಲೆ ಎನ್ನಲು ನನಗೇನು ಕೊಂಬಿತ್ತೇ? ನಗುತ್ತಾ ತಲೆಯಾಡಿಸಿದೆ.

ಅತ್ತೆ ಬರುವುದಿಲ್ಲ ಎನ್ನುತ್ತಾರೆಂದು ನಂಬಿದ್ದೆ. ಅವರು ಹಿಂದಿನ ದಿನವೇ ಮೈಸೂರು ಸಿಲ್ಕ್ ಸೀರೆ ತೆಗೆದಿಟ್ಟರು. ಆ ಪೆಟ್ಟಿಗೆಯಂಥ ಮನೆಯಲ್ಲಿ ಕೂತು ಕೂತು ಅವರಿಗೂ ಸಾಕಾಗಿತ್ತು. ಒಂದೇ ಷರತ್ತು: ಅಲ್ಲಿಯ ಊಟ ಮುಟ್ಟುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹುಳಿ ಅವಲಕ್ಕಿ, ಹಿತ್ತಾಳೆಯ ಕೂಜದಲ್ಲಿ ನೀರು. ಊರಿನಿಂದ ವಿಮಾನದಲ್ಲಿ ಆ ಕೂಜವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದವರು ಅವರು.

ಕೆಫೆಟೇರಿಯಾ ತುಂಬಿತ್ತು. ಉದ್ದನೆಯ ಮೇಜಿನ ಮೇಲೆ ಜೋಳದ ಬ್ರೆಡ್ಡು, ಮಾಂಸ ಹಾಕಿ ಬೇಯಿಸಿದ ಸೊಪ್ಪು, ನಮ್ಮ ಅಲಸಂದೆ ಕಾಳನ್ನೇ ಹೋಲುವ ಕಾಳಿನ ಪಲ್ಯ. ಅತ್ತೆ ಅದೆಲ್ಲವನ್ನೂ ದೂರದಿಂದಲೇ ನೋಡಿ ಮೊದಲ ಸಾಲಿನಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತು ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ.

ಗೆಳತಿ ಕೈಯಲ್ಲಿ ಒಂದು ಹಳೆಯ ಶೂ ಡಬ್ಬಿ ಹಿಡಿದುಕೊಂಡು ಮಾತು ಶುರುಮಾಡಿದರು. ಅವರು ಚಿಕ್ಕವರಿದ್ದಾಗ ಪ್ರತಿ ಬೇಸಿಗೆ ಅಪ್ಪನ ಕಾರಿನಲ್ಲಿ ಕೆರೊಲಿನಾದ ಅಜ್ಜಿ ಮನೆಗೆ ಹೋಗುತ್ತಿದ್ದರಂತೆ. ಅಮ್ಮ ಇಂಥದೇ ಡಬ್ಬಿಯಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಕೇಕಿನ ತುಂಡು ಕಟ್ಟುತ್ತಿದ್ದರು. ಗಾಜಿನ ಜಾಡಿಯಲ್ಲಿ ನೀರು. ದಾರಿಯಲ್ಲಿ ಎಷ್ಟು ಹೋಟೆಲು ಬಂದರೂ ಕಾರು ನಿಲ್ಲುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ಹೊರಗಿನ ಊಟ ಕೊಳಕು, ನಮ್ಮನೇದೇ ರುಚಿ” ಎನ್ನುತ್ತಿದ್ದರಂತೆ ಅಮ್ಮ. ಅಂಗಡಿಗೆ ಹೋದರೆ, “ಕೈ ಹಿಂದೆ ಕಟ್ಕೊ, ಏನನ್ನೂ ಮುಟ್ಟಬೇಡ” ಎಂದು ಹೇಳಿಕೊಟ್ಟಿದ್ದರಂತೆ.

ಅತ್ತೆ ಸಂತೋಷದಿಂದ ತಲೆದೂಗಿದರು. “ಅವರಮ್ಮ ಸರಿಯಾಗೇ ಹೇಳಿದಾರೆ ನೋಡು.”

“ಸ್ವಲ್ಪ ತಾಳಿ ಅತ್ತೆ, ಇನ್ನೂ ಮುಗಿದಿಲ್ಲ,” ಎಂದೆ. ಅಷ್ಟರಲ್ಲಿ ಗೆಳತಿ ಮುಂದುವರಿದಿದ್ದರು. ಸ್ವಲ್ಪ ದೊಡ್ಡವರಾದ ಮೇಲೆ ಅವರಿಗೆ ಗೊತ್ತಾಯಿತಂತೆ. ಆ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲ, ಅಂಗಡಿಗಳಲ್ಲಿ ಅವರು ಸಾಮಾನು ಮುಟ್ಟಿದರೆ ಬಿಳಿಯರು ಸಹಿಸುತ್ತಿರಲಿಲ್ಲ. ಮಗಳಿಗೆ ಅವಮಾನ ತಿಳಿಯದಿರಲಿ ಎಂದು ಅಮ್ಮ ಸುಳ್ಳು ಹೇಳಿದ್ದರು.

ನಾನು ಇದನ್ನು ಅತ್ತೆಗೆ ಹೇಳುವ ಮೊದಲೇ ಅವರು ತೊಡೆಯ ಮೇಲಿದ್ದ ಡಬ್ಬಿಯನ್ನೂ ಕೂಜವನ್ನೂ ಮೇಲೆತ್ತಿ ಗೆಳತಿಗೆ ತೋರಿಸಿದರು. ನಾವೂ ನಿಮ್ಮ ಹಾಗೇ, ಬುತ್ತಿ ಕಟ್ಟಿಕೊಂಡೇ ಹೊರಡುವವರು ಎಂಬ ಹೆಮ್ಮೆ ಮುಖದಲ್ಲಿತ್ತು. ಗೆಳತಿಯ ಮಾತು ಅರ್ಧಕ್ಕೇ ನಿಂತಿತು. ಅವರು ವೇದಿಕೆಯಿಂದ ಇಳಿದು ಬಂದು ಅತ್ತೆಯ ಎದುರು ಮಂಡಿಯೂರಿ ಎರಡೂ ಕೈ ಹಿಡಿದುಕೊಂಡರು. ಅತ್ತೆ ಕೈ ಎಳೆದುಕೊಳ್ಳಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ವಿಷಯ, ಆದರೆ ಅಲ್ಲಿದ್ದ ಯಾರಿಗೂ ಅದು ಗೊತ್ತಾಗುವಂತಿರಲಿಲ್ಲ.

“ಕೇಳು ಇವರನ್ನ,” ಎಂದರು ಗೆಳತಿ. ಕಣ್ಣು ತುಂಬಿತ್ತು. “ಇವರಿಗೆ ಊಟ ಕೊಡಲ್ಲ ಅಂದವರು ಯಾರು? ಬ್ರಿಟಿಷರಾ?”

ಇಡೀ ಕೆಫೆಟೇರಿಯಾ ನನ್ನನ್ನೇ ನೋಡುತ್ತಿತ್ತು. ಮ್ಯಾನೇಜರು ಕ್ಯಾಮೆರಾ ಹಿಡಿದು ಸಿದ್ಧವಾಗಿದ್ದರು. ಹೌದು ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಅತ್ತೆಗೆ ಇಂಗ್ಲಿಷ್ ಬಾರದು. ಚಪ್ಪಾಳೆ ಬೀಳುತ್ತಿತ್ತು, ಫೋಟೋ ಬರುತ್ತಿತ್ತು, ಸೋಮವಾರ ಬೆಳಿಗ್ಗೆ ಕಾರು ಎಂದಿನಂತೆ ಬರುತ್ತಿತ್ತು. ನನಗೆ ಓಡಿಹೋಗಬೇಕೆನಿಸಿತು. ಓಡುವುದಾದರೂ ಎಲ್ಲಿಗೆ, ಮನೆಗೆ ಹೋಗಲೂ ಅವರದೇ ಕಾರು ಬೇಕಲ್ಲ!

“ಏನ್ ಕೇಳ್ತಿದಾರೆ? ನುಂಗ್ಬೇಡ, ಸರಿಯಾಗಿ ಹೇಳು,” ಎಂದು ಅತ್ತೆ ತಿವಿದರು. ಹೇಳಿದೆ. ಅವರು ನಕ್ಕುಬಿಟ್ಟರು. “ನಮಗ್ಯಾರು ಬೇಡ ಅಂತಾರೆ? ಅರಸೀಕೆರೆ ರೈಲಲ್ಲಿ ತವರಿಗೆ ಹೋಗೋವಾಗ ಸ್ಟೇಷನ್ನಲ್ಲಿ ಎಲ್ಲಾ ಸಿಗ್ತಿತ್ತು. ನಾವೇ ಕಂಡೋರ ಕೈದು ತಿಂತಿರ್ಲಿಲ್ಲ. ಈಗ್ಲೂ ತಿನ್ನಲ್ಲ.”

ಹಾಗೆನ್ನುತ್ತಾ ಒಂದು ಕೈ ಬಿಡಿಸಿಕೊಂಡು ಮೇಜಿನ ಮೇಲಿದ್ದ ಅಡುಗೆಯ ಕಡೆಗೆ ಬೀಸಿದರು. ಆ ಕೈಗೆ ಭಾಷೆ ಬೇಕಿರಲಿಲ್ಲ. ಗೆಳತಿ ಮೇಜನ್ನು ನೋಡಿದರು, ಆಮೇಲೆ ನನ್ನನ್ನು. ಅವರ ಕೆಲಸವೇ ತಪ್ಪು ಹುಡುಕುವುದು. ಇನ್ನು ಸುಳ್ಳು ಹೇಳಲಾಗಲಿಲ್ಲ.

“ಯಾರೂ ಬೇಡ ಅನ್ನಲಿಲ್ಲ,” ಎಂದೆ ಇಂಗ್ಲಿಷಿನಲ್ಲಿ. “ಇವರೇ ಬೇರೆಯವರ ಕೈಯಿಂದ ತಿನ್ನಲ್ಲ. ನಮ್ಮಲ್ಲಿ ಹಾಗೆ.”

ಗೆಳತಿ ನಿಧಾನವಾಗಿ ಎದ್ದು ನಿಂತರು. ಮ್ಯಾನೇಜರಿಗೆ ಏನು ಅರ್ಥವಾಯಿತೋ, “ಎಂಥಾ ಚೆಂದದ ಸಂಪ್ರದಾಯ!” ಎಂದು ತಾವೇ ಮೊದಲು ಚಪ್ಪಾಳೆ ತಟ್ಟಿ ಫೋಟೋ ತೆಗೆದರು.

ಸಂಜೆ ಮೂವರೂ ಅದೇ ಕಾರಿನಲ್ಲಿ ಹೊರಟೆವು. ಶುಕ್ರವಾರದ ಟ್ರಾಫಿಕ್ಕು, ಕಾರು ಇದ್ದಲ್ಲೇ ಇತ್ತು. ಬಾಗಿಲು ತೆಗೆದು ಇಳಿದು ಹೋಗಿಬಿಡಲೇ ಅನ್ನಿಸುವಷ್ಟು ಕಷ್ಟವಾಗುತ್ತಿತ್ತು.

“ಹಾಗಾದ್ರೆ ನಿಮ್ಮ ದೇಶದಲ್ಲಿ ಶೂ ಡಬ್ಬಿ ಯಾರ ಕೈಲಿತ್ತು?” ಎಂದರು ಗೆಳತಿ ಕೊನೆಗೆ.

ಹೇಳಿದೆ. ನಮ್ಮ ಅಜ್ಜಿ ಮನೆಗೆ ಕೆಲಸಕ್ಕೆ ಬರುತ್ತಿದ್ದವರು ಹಿತ್ತಲಲ್ಲೇ ನಿಲ್ಲುತ್ತಿದ್ದುದನ್ನು, ನೀರು ಕೇಳಿದರೆ ಅವರ ಬೊಗಸೆಗೆ ಮೇಲಿಂದ ಹೊಯ್ಯುತ್ತಿದ್ದುದನ್ನು, ಚೊಂಬು ಅವರ ಕೈಗೆ ತಾಗದ ಹಾಗೆ ಎಚ್ಚರ ವಹಿಸುತ್ತಿದ್ದುದನ್ನು ಹೇಳಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ನೀನು ನನ್ನನ್ನ ಇಷ್ಟು ದಿನ ಮೇಲೆ ಕರೀದೆ ಇದ್ದಿದ್ದು ಇದಕ್ಕೇನಾ? ಮನೆ ಚಿಕ್ಕದು ಅಂತ ನಾಚ್ಕೋತಿದೀಯ ಅಂದ್ಕೊಂಡಿದ್ದೆ.”

“ಹೌದು,” ಎಂದೆ. ಅಳು ಬಂತು, ತಡೆದುಕೊಂಡೆ. ಹಿಂದಿನ ಸೀಟಿನಿಂದ ಅತ್ತೆ, “ಏನಂತೆ?” ಎಂದರು. ನನಗೆ ರೇಗಿತು. ಹೋಟೆಲಿನವರು ಊಟ ಕೊಡದಿದ್ದುದನ್ನು, ಅವರಮ್ಮ ಸುಳ್ಳು ಹೇಳಿದ್ದನ್ನು, ಇವರನ್ನು ನಾನು ಮನೆಗೆ ಕರೆಯದಿದ್ದುದನ್ನು, ಎಲ್ಲವನ್ನೂ ಒಂದೇ ಉಸಿರಿಗೆ ಅವರ ಮೇಲೆ ಸುರಿದೆ. ಅತ್ತೆ ಕೂಜವನ್ನು ತಬ್ಬಿಕೊಂಡರು.

ಪಾರ್ಕಿಂಗ್‌ನಲ್ಲಿ ಕಾರು ನಿಂತಾಗ ಸ್ಟೀಲ್ ಡಬ್ಬಿ ಹಿಂದಿನಿಂದ ನಮ್ಮಿಬ್ಬರ ನಡುವೆ ಬಂತು. “ತಗೊಳಕ್ಕೆ ಹೇಳು. ನಾನು ಒಂದು ತುತ್ತೂ ತಿಂದಿಲ್ಲ, ಎಂಜಲಾಗಿಲ್ಲ,” ಎಂದರು ಅತ್ತೆ. ದನಿ ತಗ್ಗಿತ್ತು.

ಗೆಳತಿ ಡಬ್ಬಿಯನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. “ನಾನು ಮಾಡಿದ್ದನ್ನ ಅವರು ತಿಂತಾರಾ? ಕೇಳು.”

ಕೇಳಿದೆ. ಎಂಜಿನ್ ಓಡುತ್ತಿತ್ತು, ಗಾಜಿಗೆ ಮಂಜು ಕಟ್ಟುತ್ತಿತ್ತು. ಹೂಂ ಅನ್ನಿ ಅತ್ತೆ, ಒಂದು ಸಲ ಅನ್ನಿಬಿಡಿ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅರವತ್ತು ವರ್ಷದ ರೂಢಿ ಅವರನ್ನೂ ಹಿಡಿದು ಕೂರಿಸಿತ್ತು.

“ಹಣ್ಣು ತಿಂತೀನಿ ಅಂತ ಹೇಳು.”

ಬೇಯಿಸಿದ್ದಕ್ಕೆ ಮೈಲಿಗೆ, ಹಣ್ಣಿಗಿಲ್ಲ. ಅಲ್ಲಿಯವರೆಗೆ ಬರುವುದು ಅವರಿಗೆ ಸಾಧ್ಯವಿತ್ತು. ನಾನು ವಿವರಿಸಿದೆ. ಗೆಳತಿ ಚಿಕ್ಕದಾಗಿ ನಕ್ಕರು, ಆ ನಗುವಿನಲ್ಲಿ ಸಂತೋಷವಿರಲಿಲ್ಲ.

“ಹಣ್ಣು! ನಮ್ಮ ಕೆರೊಲಿನಾದಲ್ಲಿ ಪೀಚ್ ಹಣ್ಣಾಗೋದು ಜೂನ್‌ಗೆ.”

“ಅವರು ಏಪ್ರಿಲ್‌ಗೇ ಹೋಗ್ತಾರೆ.”

“ಹಾಗಾದ್ರೆ ಅಷ್ಟೇ,” ಎಂದರು. ಮೇಲೆ ಬನ್ನಿ ಎಂದು ಮೊದಲ ಸಲ ಕರೆದೆ. “ಇವತ್ತು ಬೇಡ,” ಎಂದರು. ಡಬ್ಬಿ ಅತ್ತೆಯ ಕೈಯಲ್ಲೇ ಮನೆಗೆ ಬಂತು.

ಸೋಮವಾರ ಬೆಳಿಗ್ಗೆ ಕೋಟು ತೊಟ್ಟು ಕಿಟಕಿಯಲ್ಲಿ ನಿಂತಿದ್ದೆ. ಬರುವುದಿಲ್ಲವೆಂದೇ ತಿಳಿದಿದ್ದೆ. ಹಾರ್ನ್ ಕೇಳಿದಾಗ ಮೆಟ್ಟಿಲ ಮೇಲೆ ಜಾರಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. “ಹತ್ತು, ಲೇಟಾಯ್ತು,” ಎಂದರು. ಒಂದು ದಿನವೂ ತಪ್ಪದೆ ಬಂದರು. ಆದರೆ ಮಾತು ಆಫೀಸಿನ ಆಚೆ ದಾಟುತ್ತಿರಲಿಲ್ಲ. ಕಾರಿಗಿಂತ ದೊಡ್ಡದನ್ನು ಕಳೆದುಕೊಂಡು ಕಾರಿನಲ್ಲಿ ಕೂತಿದ್ದೆ. ಇಳಿದುಬಿಡೋಣವೆಂದರೆ ನನಗೆ ಬೇರೆ ದಾರಿಯೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಅತ್ತೆ ಹೊರಟರು. ಏರ್‌ಪೋರ್ಟಿನಲ್ಲಿ ಕೂಜ ಸರಿಮಾಡಿಕೊಳ್ಳುತ್ತಾ, “ಕಾರಿನಮ್ಮಂಗೆ ಹೇಳು, ಹಣ್ಣು ಬಾಕಿ ಇದೆ ಅಂತ,” ಎಂದರು.

ಜೂನ್‌ನ ಒಂದು ಸಂಜೆ ಗೆಳತಿ ಕಾರು ನಿಲ್ಲಿಸಿ ಹಿಂದಿನ ಸೀಟಿನಿಂದ ಶೂ ಡಬ್ಬಿ ತೆಗೆದರು. ಕೆರೊಲಿನಾಕ್ಕೆ, ತಮ್ಮ ಅಜ್ಜಿಯ ಊರಿಗೆ ಹೋಗಿ ಬಂದಿದ್ದರು. ಡಬ್ಬಿಯ ತುಂಬ ಪೀಚ್ ಹಣ್ಣು. “ಅತ್ತೆ ಇಲ್ಲವಲ್ಲ,” ಎಂದೆ. “ಗೊತ್ತು. ನೀನಾದ್ರೂ ತಿನ್ನು.” ಮೇಲೆ ಬನ್ನಿ ಎಂದೆ. ಸ್ವಲ್ಪ ಯೋಚಿಸಿ ಕಾರು ಆಫ್ ಮಾಡಿದರು.

ಅವರು ಬಾಗಿಲಲ್ಲಿ ಶೂ ಬಿಚ್ಚಿದರು. ನಾನು ಅಡುಗೆಮನೆಗೆ ಓಡಿ ಹಣ್ಣು ತೊಳೆಯತೊಡಗಿದೆ. ಹಿಂದೆಯೇ ಬಂದಿದ್ದಾರೆಂದುಕೊಂಡು ಏನೇನೋ ಮಾತಾಡುತ್ತಿದ್ದೆ. ತಿರುಗಿ ನೋಡಿದರೆ ಅವರು ಕಾರ್ಪೆಟ್ ಮುಗಿಯುವ ಆ ಪಟ್ಟಿಯ ಆಚೆಯೇ ನಿಂತಿದ್ದರು.

“ನಾನು ಎಲ್ಲಿವರೆಗೂ ಬರಬಹುದು?” ಎಂದು ಕೇಳಿದರು. ಕೊಂಕಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು.

ಒದ್ದೆ ಕೈಯಲ್ಲೇ ಅವರ ತೋಳು ಹಿಡಿದು ಒಲೆಯ ತನಕ ಎಳೆದುಕೊಂಡು ಬಂದೆ. ಬಂದರು. ಹಣ್ಣು ಹೆಚ್ಚಿ ಒಂದು ಹೋಳು ಬಾಯಿಗೆ ಹಾಕಿಕೊಂಡೆ. ರಸ ಮೊಣಕೈವರೆಗೆ ಇಳಿಯಿತು.

“ಹೇಗಿದೆ?” ಎಂದರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.