ಮಾಸ್ತರರು ಒಪ್ಪದ ಕಮಾನುಗಳು

ನಲವತ್ತು ದಾಟಿದ ಮೇಲೆ ಪಿಟೀಲು ಕಲಿಯಲು ಹೊರಟವಳು ನಾನು. ರೋಣದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಭಾನುವಾರ ಬಂತೆಂದರೆ ಪಿಟೀಲಿನ ಪೆಟ್ಟಿಗೆ ಹಿಡಿದು ನರಗುಂದದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ನನ್ನ ಮಾಸ್ತರರ ಮನೆ. ಪ್ರಾಯದಲ್ಲಿ ಅವರು ನಾಟಕ ಕಂಪನಿಗಳ ಜೊತೆ ಊರೂರು ತಿರುಗಿ ಪಿಟೀಲು ನುಡಿಸಿದವರು. ಮಾತು ಕಡಿಮೆ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಸ್ವರ ಸರಿಯಾಗಿ ಬಿದ್ದರೆ ಸುಮ್ಮನಿರುತ್ತಿದ್ದರು; ಆ ಸುಮ್ಮನಿರುವಿಕೆಗಾಗಿಯೇ ನಾನು ವಾರವಿಡೀ ಅಭ್ಯಾಸ ಮಾಡುತ್ತಿದ್ದೆ.

ಒಂದು ಭಾನುವಾರ ಅವರು ಪಾಠದ ನಡುವೆ ಪಿಟೀಲು ಎಳೆಯುವ ತಮ್ಮ ಕಮಾನನ್ನು ಮಂಚದ ಮೇಲೆ ಇಟ್ಟುಬಿಟ್ಟರು. ಕಡ್ಡಿ ಸೊಟ್ಟಗಾಗಿದೆ, ತಂತಿಯ ಮೇಲೆ ನಡುಗುತ್ತದೆ ಎಂದರು. ಹುಬ್ಬಳ್ಳಿಯ ಅಂಗಡಿಯಿಂದ ತರಿಸಿದ ಹೊಸ ಕಮಾನೂ ಹಾಗೆಯೇ, ಕಸಬರಿಗೆ ಹಿಡಿದಂತಾಗುತ್ತದೆ ಎಂದರು. ನನಗೆ ಉಳಿ, ಅರ ಹಿಡಿದು ಅಭ್ಯಾಸವಿತ್ತು. ಮಕ್ಕಳಿಗೆ ಮರದಲ್ಲಿ ಸಣ್ಣಪುಟ್ಟ ಕೆತ್ತನೆ ಕಲಿಸುತ್ತಿದ್ದೆ. ಆ ಧೈರ್ಯದ ಮೇಲೆ ಕೇಳಿದೆ:

"ನಾನ ಒಂದ ಮಾಡಿ ಕೊಡ್ಲೇನ್ರಿ ಮಾಸ್ತರ?"

ಅವರು ನನ್ನ ಕೈಗಳನ್ನು ನೋಡಿದರು. "ಮಾಡು, ನೋಡೂಣು" ಎಂದರು.

ಕಮಾನು ಎಂದರೆ ಏನು ಮಹಾ, ಒಂದು ಕಡ್ಡಿ, ಒಂದು ಹಿಡಿ ಕುದುರೆ ಬಾಲದ ಕೂದಲು ಅಂದುಕೊಂಡಿದ್ದೆ. ಫೋನಿನಲ್ಲಿ ವಿಡಿಯೋಗಳನ್ನು ನೋಡುತ್ತ ಹೋದಂತೆ ಅದು ಹಾಗಲ್ಲ ಎಂದು ತಿಳಿಯಿತು. ತೋಳುದ್ದದ ಕಡ್ಡಿ ತುದಿಗೆ ಹೋಗುತ್ತ ಸಣ್ಣಗಾಗಬೇಕು, ಆದರೆ ಸೊರಗಬಾರದು. ಬಿಸಿ ತಾಗಿಸಿ ಅದನ್ನು ಕೂದಲಿನ ಕಡೆಗೆ ಬಗ್ಗಿಸಬೇಕು, ಬಗ್ಗಿದ್ದು ಬಗ್ಗಿಯೇ ಇರಬೇಕು. ವಿಡಿಯೋದವರು ಹೇಳುವ ಪರದೇಶದ ಮರ ನಮ್ಮಲ್ಲಿ ಎಲ್ಲಿಂದ ಬರಬೇಕು? ವಿಚಾರಿಸುತ್ತ ಗಜೇಂದ್ರಗಡಕ್ಕೆ ಹೋದೆ. ಅಲ್ಲಿ ಮಗ್ಗಗಳ ಸದ್ದಿನ ಓಣಿಯೊಂದರಲ್ಲಿ ಮಂಚ, ತೊಟ್ಟಿಲುಗಳಿಗೆ ಪಾಲಿಶ್ ಮಾಡುವ ಒಬ್ಬ ಚಾಚಾ ಇದ್ದರು. ಹಿಂದೆ ಬಿಲ್ಲು ಮಾಡುತ್ತಿದ್ದ ಮರ ಬೇಕೆಂದರೆ ತಡಸಲು ಚಲೋ, ಬಗ್ಗುತ್ತದೆ ಮುರಿಯುವುದಿಲ್ಲ ಎಂದು ಹೇಳಿ, ದಾಂಡೇಲಿ ಕಡೆಯಿಂದ ಬಂದ ಒಂದು ತುಂಡನ್ನು ಸೀಳಿ ಕೊಟ್ಟರು.

ಮುರಿಯಿತು. ಸ್ಪಿರಿಟ್ ದೀಪದ ಮೇಲೆ ಹಿಡಿದು ಬಗ್ಗಿಸುವಾಗ ಎರಡನೆಯ ಕಡ್ಡಿಯೂ ಮುರಿಯಿತು. ಮೂರನೆಯದು ಮುರಿಯಲಿಲ್ಲ, ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಹಾವಿನ ಹಾಗೆ ಒಂದು ಬದಿಗೆ ತಿರುಚಿಕೊಂಡು ಮಲಗಿತ್ತು. ಚಾಚಾನಿಗೆ ತೋರಿಸಿದರೆ ಅವರಿಗೂ ಕಾರಣ ಹೊಳೆಯಲಿಲ್ಲ. ಮರ ಹಸಿ ಇದ್ದೀತು ಎಂದರು. ಒಂದು ಬೇಸಿಗೆಯೆಲ್ಲ ನಮ್ಮ ಮಾಳಿಗೆಯ ಮೇಲೆ ಒಣಗಿಸಿದೆ. ಆಗ ಅತಿಯಾಗಿ ಒಣಗಿದೆ ಎಂದರು.

ಕೊನೆಗೆ ಒಂದು ಕಡ್ಡಿ ಹೇಳಿದ ಮಾತು ಕೇಳಿತು. ಇನ್ನು ಕೂದಲು. ಬೆಳವಣಕಿಯ ಕಡೆ ಒಬ್ಬರು ಮದುವೆಯ ಮೆರವಣಿಗೆಗೆ ಬಿಳಿ ಕುದುರೆ ಕೊಡುತ್ತಾರೆಂದು ಕೇಳಿ ಹೋದೆ. ಬಾಲದ ಕೂದಲು ಕತ್ತರಿಸಲು ಅವರು ಸುತರಾಂ ಒಪ್ಪಲಿಲ್ಲ. ಬೋಳು ಬಾಲದ ಕುದುರೆಯ ಮೇಲೆ ಯಾವ ಮದುಮಗ ಕೂಡುತ್ತಾನೆ ಎಂದು ಕೇಳಿದರು. ಅವರ ಮಾತೂ ಸರಿಯೇ. ಬಾಚುವಾಗ ಉದುರಿದ ಕೂದಲನ್ನು ಮಾತ್ರ ಕೂಡಿಡಲು ಒಪ್ಪಿದರು. ತಿಂಗಳುಗಳ ಮೇಲೆ ಸಿಕ್ಕ ಆ ಒಂದು ಕಟ್ಟು ಕೂದಲನ್ನು ಮನೆಗೆ ತಂದು ಬಿಚ್ಚಿದರೆ ತುದಿಯೆಲ್ಲ ಗುಲಾಲಿ ಬಣ್ಣ, ಬುಡದಲ್ಲಿ ಕೊಬ್ಬರಿ ಎಣ್ಣೆ. ಎಣ್ಣೆ ಇದ್ದರೆ ಕಮಾನಿಗೆ ಉಜ್ಜುವ ರಾಳ ಹಿಡಿಯುವುದಿಲ್ಲ, ರಾಳ ಹಿಡಿಯದಿದ್ದರೆ ತಂತಿ ಮಾತಾಡುವುದಿಲ್ಲ. ಅಂಟವಾಳದ ನೊರೆಯಲ್ಲಿ ಮೇಲಿಂದ ಮೇಲೆ ತೊಳೆದೆ. ಎಣ್ಣೆ ಹೋಯಿತು, ಬಣ್ಣ ಹೋಗಲಿಲ್ಲ.

ಆ ಗುಲಾಲಿ ಕಮಾನನ್ನು ಬಟ್ಟೆಯಲ್ಲಿ ಸುತ್ತಿ ನರಗುಂದಕ್ಕೆ ಒಯ್ದೆ. ಮಾಸ್ತರರು ಅದನ್ನು ತಿರುಗಿಸಿ ನೋಡಿ, ತಂತಿಯ ಮೇಲೆ ಒಂದೇ ಒಂದು ಎಳೆ ಎಳೆದು, ನನ್ನ ಕೈಗೆ ವಾಪಸ್ ಕೊಟ್ಟರು.

"ನಡಗತೈತಿ."

ಅಷ್ಟೇ. ತುದಿ ಭಾರವಾಗಿರಬೇಕೆಂದು ಮನೆಗೆ ಬಂದು ತುದಿಯನ್ನು ಹೆರೆದೆ. ಮುಂದಿನ ಸಲವೂ ಅದೇ ಮಾತು. ನಡು ದಪ್ಪವಿರಬೇಕೆಂದು ನಡುವನ್ನು ಹೆರೆದೆ. ಹೆರೆದು ಹೆರೆದು ಕಡ್ಡಿ ಈಚಲ ಗರಿಯಂತಾಗಿ ಕಡೆಗೊಮ್ಮೆ ಕೂದಲು ಬಿಗಿಯುವಾಗ ಲಟ್ಟನೆ ಮುರಿಯಿತು. ಹೊಸದನ್ನು ಶುರು ಮಾಡಿದೆ. ಅದೂ ನಡುಗಿತು. ಮತ್ತೊಂದು. ಅದೂ.

ಇದರ ನಡುವೆ ಇನ್ನೊಂದು ತಲೆನೋವು ಮೈಮೇಲೆ ಎಳೆದುಕೊಂಡೆ. ಮಾಸ್ತರರ ಅಟ್ಟದಲ್ಲಿ ಕಂಪನಿ ಕಾಲದ ಹಳೆಯ ಪಿಟೀಲೊಂದಿತ್ತು; ಲಾರಿಯಿಂದ ಬಿದ್ದು ಅದರ ತಲೆಯ ಸುರುಳಿ ಮುರಿದಿತ್ತು. ಕಮಾನಿಗೆ ಕೂದಲು ಕೂಡುವವರೆಗೆ ಸುಮ್ಮನೆ ಏಕೆ ಕೂಡಬೇಕೆಂದು ಸುರುಳಿ ಕೆತ್ತಲು ಕುಳಿತೆ. ಬಸವನಹುಳುವಿನ ಚಿಪ್ಪಿನಂತೆ ಎರಡೂ ಬದಿಗೆ ಒಂದೇ ಸಮ ಸುತ್ತಿಕೊಳ್ಳಬೇಕು. ನನ್ನ ಮೊದಲ ಸುರುಳಿಯ ಒಂದು ಕಿವಿ ದೊಡ್ಡದು, ಒಂದು ಕಿವಿ ಸಣ್ಣದು. ನಾಲ್ಕಾರು ಕೆಡಿಸಿದ ಮೇಲೆ ಒಂದು ಸಮನಾಗಿ ಬಂತು. ನಿಜಕ್ಕೂ ಚೆಂದ ಬಂತು. ಆಗ ನನಗೆ ವಾರ್ನಿಶ್ ಎಂಬ ಪೀಡೆ ಗಂಟುಬಿತ್ತು.

ಚಾಚಾ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಒರೆಸಿ ತೋರಿಸಿದರು. ಸುರುಳಿ ತೊಟ್ಟಿಲ ಗುಬ್ಬಿಯಂತೆ ಕೆಂಪಗೆ ಮಿರಮಿರ ಮಿಂಚಿತು. ಹಳೆಯ ಪಿಟೀಲಿನ ಪಕ್ಕ ಹಿಡಿದರೆ ಜಾತ್ರೆಯ ಆಟಿಕೆ. ಎಲ್ಲ ಕೆರೆದು ತೆಗೆದೆವು. ಮಳೆಗಾಲದಲ್ಲಿ ಮತ್ತೆ ಹಚ್ಚಿದೆವು. ತಂಪು ಗಾಳಿಗೆ ಅದರ ಮೇಲೆ ಬೂದು ಪೊರೆ ಕಟ್ಟಿತು. ಅದನ್ನೂ ಕೆರೆದೆ. ಅಗಸೆ ಎಣ್ಣೆಯಲ್ಲಿ ರಾಳ ಕುದಿಸಿ ಮಾಡಿದ್ದು ನಿಲ್ಲುತ್ತದೆಂದು ವಿಡಿಯೋದಲ್ಲಿ ನೋಡಿ, ಹಿತ್ತಲಲ್ಲಿ ಹೊಗೆ ಎಬ್ಬಿಸಿ ಕುದಿಸಿದೆ. ಬಣ್ಣ ಬಂತು, ಜೇನಿನ ಬಣ್ಣ. ಆದರೆ ಒಣಗಲಿಲ್ಲ. ವಾರಗಟ್ಟಲೆ ಬೆರಳಿಗೆ ಅಂಟುತ್ತಲೇ ಇತ್ತು. ಅಷ್ಟರಲ್ಲಿ ಕಡಲೆಯ ಸುಗ್ಗಿ ಬಂತು. ನಮ್ಮ ಮನೆ ರೋಣದ ಮಾರ್ಕೆಟ್ಟಿಗೆ ಹತ್ತಿರ. ಎಷ್ಟು ಮುಚ್ಚಿಟ್ಟರೂ ಹೊಟ್ಟಿನ ಧೂಳು ಒಳಗೆ ಬಂದು ಸುರುಳಿಗೆ ಮೆತ್ತಿಕೊಂಡಿತು. ಅದಕ್ಕೆ ರೋಮ ಬೆಳೆದಂತೆ ಕಂಡಿತು. ಗಜೇಂದ್ರಗಡಕ್ಕೆ ಒಯ್ದು ಚಾಚಾನ ಮುಂದೆ ಇಟ್ಟೆ. ಅವರು ಬೆರಳಿಂದ ಮುಟ್ಟಿ, ಬೆರಳನ್ನು ಲುಂಗಿಗೆ ಒರೆಸಿಕೊಂಡರು.

"ಅಕ್ಕೋರ, ತೊಟ್ಟಲಾ ಕೇಳ್ರಿ, ಮಾಡಿಕೊಡ್ತೀನಿ. ಇದರ ಹಟಾ ನನಗ ತಿಳೀವಲ್ದು."

ಬಸ್‌ಸ್ಟ್ಯಾಂಡಿನಲ್ಲಿ ಕುಳಿತಾಗ ನನಗೆ ಅಳು ಬಂತು. ಸುರುಳಿಯನ್ನು ಅಲ್ಲೇ ಬೆಂಚಿನ ಕೆಳಗೆ ಬಿಟ್ಟು ಬರೋಣವೆನಿಸಿತು. ಆದರೆ ಕೈಗೆ ಅಂಟಿಕೊಂಡಿತ್ತು.

ಆಮೇಲೆ ಮಾಡಿದ ಕಮಾನು ನನ್ನ ಲೆಕ್ಕದಲ್ಲಿ ಒಳ್ಳೆಯದೇ. ಬೇರೆ ಕಡೆಯಿಂದ ತರಿಸಿದ ಅಚ್ಚ ಬಿಳಿ ಕೂದಲು. ಕಡ್ಡಿಯಲ್ಲಿ ಎಲ್ಲಿಯೂ ವಕ್ರವಿಲ್ಲ. ಮಾಸ್ತರರು ಎಳೆದರು. ನಡಗತೈತಿ ಎಂದರು. ನಾನು ಅದನ್ನು ಗೋಡೆಗೆ ಆನಿಸಿಟ್ಟೆ. ನನಗೆ ಸಾಕಾಗಿತ್ತು.

ಅದೇ ಹೊತ್ತಿಗೆ ಅವರ ಹಳೆಯ ಶಿಷ್ಯೆಯೊಬ್ಬರು ಬಂದರು. ಗದಗಿನಲ್ಲಿರುವವರು, ಕಾರ್ಯಕ್ರಮಗಳಲ್ಲಿ ನುಡಿಸುವವರು. ಗುರುಗಳ ಕಾಲಿಗೆ ನಮಸ್ಕರಿಸಿ, ಕೂತು, ಗೋಡೆಗಿದ್ದ ಕಮಾನನ್ನು ಸಹಜವಾಗಿ ಕೈಗೆತ್ತಿಕೊಂಡು, ಮಾಸ್ತರರ ಪಿಟೀಲಿನ ಮೇಲೆ ಎಳೆದರು. ಬುಡದಿಂದ ತುದಿಯವರೆಗೆ ಸ್ವರ ಒಂದೇ ಎಳೆಯಾಗಿ, ಎಣ್ಣೆ ಸುರಿದಂತೆ ಬಂತು. ಎಲ್ಲಿಯೂ ಕದಲಲಿಲ್ಲ. ಅವರು ಇನ್ನಷ್ಟು ನುಡಿಸಿ, ಚಲೋ ಕಮಾನು, ಎಲ್ಲಿ ತಂದಿರಿ ಎಂದು ಕೇಳಿದರು. ಮಾಸ್ತರರು ಕಿಟಕಿಯ ಕಡೆ ನೋಡುತ್ತಿದ್ದರು.

ನಾನು ಎದ್ದು ಅಡಿಗೆಮನೆಗೆ ಹೋದೆ. ಮಾಸ್ತರರ ಹೆಂಡತಿ ಚಹಾ ಸೋಸುತ್ತಿದ್ದರು. ಮೂರು ಬಟ್ಟಲು ತುಂಬಿಸಿ, ನಾಲ್ಕನೆಯದನ್ನು ಅರ್ಧಕ್ಕೇ ನಿಲ್ಲಿಸಿದರು. ಅದು ಯಾರದೆಂದು ನಾನು ಕೇಳಬೇಕಾಗಲಿಲ್ಲ.

"ಬಲಗೈ ಹಂಗ ಆಗೇತವಾ, ತುಂಬಿ ಕೊಟ್ರ ಚೆಲ್ತಾರ. ಭಾಳ ದಿನಾ ಆತು" ಎಂದರು. "ದವಾಖಾನಿಗೆ ನಡೀರಿ ಅಂದ್ರ ಸಿಟ್ಟಿಗೇಳ್ತಾರ."

ಶಿಷ್ಯೆ ಹೋದ ಮೇಲೆ ಮಾಸ್ತರರ ಎದುರು ಕುಳಿತೆ. ಹೆರೆದು ಹಾಳು ಮಾಡಿದ ಒಂದೊಂದು ಕಡ್ಡಿಯೂ ಕಣ್ಣ ಮುಂದೆ ಬರುತ್ತಿತ್ತು. ಅವುಗಳಲ್ಲಿ ಎಷ್ಟು ಚೆನ್ನಾಗಿದ್ದವೋ, ಯಾರಿಗೆ ಗೊತ್ತು.

"ಕಮಾನ ಸರಿ ಇದ್ದೂವು ಅಂತ ನಿಮಗ ಗೊತ್ತಿತ್ತಲ್ರಿ ಮಾಸ್ತರ?"

"ಗೊತ್ತಿತ್ತು."

ಬಹಳ ಹೊತ್ತು ಸುಮ್ಮನಿದ್ದರು. ಈ ಸಲದ ಸುಮ್ಮನಿರುವಿಕೆ ನನಗೆ ಬೇಕಾಗಿರಲಿಲ್ಲ.

"ನೀ ಹೊಸಾದು ತಂದಾಗೊಮ್ಮೆ, ಇದರಾಗರೆ ಕೈ ನಿಂತೀತು ಅನಸ್ತಿತ್ತು" ಎಂದರು. "ಕಮಾನ ಚಲೋ ಐತಿ ಅಂದಿದ್ರ ನೀ ಮಾಡೂದು ಬಿಡತಿದ್ದಿ. ಆಮ್ಯಾಲ ನಾನೂ ನುಡಸೂದು ಬಿಡಬೇಕಾಗ್ತಿತ್ತು."

ನಾನು ಅಂದು ಪಾಠ ಹೇಳಿಸಿಕೊಳ್ಳದೆ ಬಂದೆ. ಮುಂದಿನ ಭಾನುವಾರವೂ ಹೋಗಲಿಲ್ಲ. ಮನೆಯಲ್ಲಿ ಉಳಿ, ಅರ ಎಲ್ಲ ಕಟ್ಟಿ ಕಪಾಟಿನ ಮೇಲೆ ಎಸೆದೆ. ಸಿಟ್ಟು ಯಾರ ಮೇಲೆಂದು ನನಗೇ ತಿಳಿಯುತ್ತಿರಲಿಲ್ಲ. ಮಾಸ್ತರರ ಮೇಲೆ ಮಾಡಲು ಹೋದರೆ ಆ ಅರ್ಧ ಬಟ್ಟಲು ಚಹಾ ಅಡ್ಡ ಬರುತ್ತಿತ್ತು. ಅದರ ಮುಂದಿನ ವಾರ ಹೋಗಿ, ದವಾಖಾನೆಗೆ ಬಂದರೆ ಮಾತ್ರ ಪಾಠಕ್ಕೆ ಬರುತ್ತೇನೆ ಎಂದು ಹೊಸ್ತಿಲಲ್ಲೇ ನಿಂತು ಹೇಳಿದೆ. ಅವರ ಹೆಂಡತಿ ಆಗಲೇ ಸೀರೆ ಬದಲಿಸಲು ಒಳಗೆ ಹೋದರು. ಮಾಸ್ತರರು ಗೊಣಗುತ್ತ ಚಪ್ಪಲಿ ಮೆಟ್ಟಿದರು.

ವಯಸ್ಸಿನ ನಡುಕ ಎಂದರು ಡಾಕ್ಟರು. ಗುಳಿಗೆಯಿಂದ ತುಸು ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ ಎಂದರು. ಹಾಗೇ ಆಯಿತು. ಬಟ್ಟಲನ್ನು ಮುಕ್ಕಾಲು ತುಂಬಿಸಬಹುದು, ಕಮಾನು ಹಿಡಿಯುವಂತಿಲ್ಲ. ಅವರು ಪಿಟೀಲನ್ನು ನನ್ನ ಮುಂದೆ ತಳ್ಳಿ ನೀನೇ ನುಡಿಸು ಎಂದರು. ನುಡಿಸಿದೆ. ಅಭ್ಯಾಸ ಮೂಲೆಗೆ ಬಿದ್ದು, ಮರ ಕೆತ್ತುವುದರಲ್ಲೇ ವರ್ಷಗಳು ಹೋಗಿದ್ದವು. ಕೈಯೆಲ್ಲ ಜಡ್ಡು ಕಟ್ಟಿ ಬೆರಳುಗಳು ಹೇಳಿದ ಕಡೆ ಬೀಳುತ್ತಿರಲಿಲ್ಲ.

"ಇದು ಬಡಿಗ್ಯಾರ ಕೈ ಆಗೇತಿ" ಎಂದರು ಮಾಸ್ತರರು. "ಮೊದಲಿಂದ ಹಿಡೀಬೇಕು."

ಸುರುಳಿಗೆ ವಾರ್ನಿಶ್ ಇನ್ನೂ ಕೂತಿಲ್ಲ. ಮತ್ತೆ ಕೆರೆದು ಬೋಳು ಮಾಡಿಟ್ಟಿದ್ದೇನೆ. ಭಾನುವಾರಗಳಲ್ಲಿ ಈಗ ಬೇರೇನನ್ನೂ ನುಡಿಸಲು ಅವರು ಬಿಡುವುದಿಲ್ಲ. ಒಂದೇ ತಂತಿ, ಒಂದೇ ಉದ್ದನೆಯ ಎಳೆ. ನಡುವೆ ಸ್ವರ ಒಡೆಯುತ್ತದೆ. ಮತ್ತೆ ಎಳೆ ಎನ್ನುತ್ತಾರೆ. ಎಳೆಯುತ್ತೇನೆ, ಮತ್ತೆ ಅಲ್ಲೇ ಒಡೆಯುತ್ತದೆ.